ಗೋಡೆಯೊಳಗಿನ ತಂತಿಗೆ ಇನ್ನೊಂದು ಕೆಲಸ

ಮನೆಗೆ ಫೈಬರ್ ಸಂಪರ್ಕ ಕೊಡಲು ಬಂದವರು ರೌಟರನ್ನು ಕೂರಿಸುವುದು ಸಾಮಾನ್ಯವಾಗಿ ಕಂಬದಿಂದ ಎಳೆದ ತಂತಿ ಸಲೀಸಾಗಿ ಒಳಗೆ ಬರುವ ಕಡೆ: ಹಾಲಿನ ಕಿಟಕಿಯ ಪಕ್ಕ, ಇಲ್ಲವೇ ಟೀವಿಯ ಮೇಲ್ಗಡೆ. ಮಕ್ಕಳು ಓದುವ ಕೋಣೆ ಎತ್ತ, ಮಹಡಿಯಲ್ಲಿ ಕೂತು ಆಫೀಸಿನ ಕೆಲಸ ಮಾಡುವವರು ಯಾರು ಎಂದು ಕೇಳುವಷ್ಟು ವ್ಯವಧಾನ ಅವರಿಗೂ ಇರುವುದಿಲ್ಲ, ಮನೆಯವರಿಗೂ ಆ ಹೊತ್ತಿಗೆ ಹೊಳೆಯುವುದಿಲ್ಲ. ಫಲವಾಗಿ ಹಾಲಿನಲ್ಲಿ ವೈಫೈ ತುಂಬಿ ತುಳುಕುತ್ತದೆ, ಹಿಂದಿನ ಕೋಣೆಯಲ್ಲಿ ಮೊಬೈಲಿನ ಸಿಗ್ನಲ್ ಗೀಟು ಒಂದಕ್ಕೆ ಇಳಿದು ವಿಡಿಯೊ ಸುತ್ತತೊಡಗುತ್ತದೆ. ಬೆಂಗಳೂರಿನ ಮೂವತ್ತು–ನಲವತ್ತು ನಿವೇಶನದಲ್ಲಿ ಎದ್ದ ಮೂರಂತಸ್ತಿನ ಮನೆಯಲ್ಲಿ ಪ್ರತಿ ಮಹಡಿಗೂ ಕಬ್ಬಿಣದ ಸರಳು ಹೆಣೆದ ಕಾಂಕ್ರೀಟ್ ತಾರಸಿ ಅಡ್ಡ ಬರುತ್ತದೆ. ಕರಾವಳಿಯಲ್ಲಿ ದಪ್ಪನೆಯ ಮುರಕಲ್ಲಿನ ಗೋಡೆ, ಮಲೆನಾಡಿನ ಹಳೆಯ ತೊಟ್ಟಿಮನೆಗಳಲ್ಲಿ ಮೊಳದಗಲದ ಮಣ್ಣಿನ ಗೋಡೆ. ವೈಫೈ ಬಳಸುವ 2.4 ಗಿಗಾಹರ್ಟ್ಸ್ ಅಲೆ ಇಂಥ ಗೋಡೆಗಳನ್ನು ಏದುಸಿರು ಬಿಡುತ್ತಾ ದಾಟುತ್ತದೆ. ಹೆಚ್ಚು ವೇಗ ಕೊಡುವ 5 ಗಿಗಾಹರ್ಟ್ಸ್ ಅಲೆ ಎರಡನೆಯ ಗೋಡೆಗೇ ಸೋತುಹೋಗುತ್ತದೆ.

ಇದಕ್ಕೆ ಅಂಗಡಿಯವರು ತಕ್ಷಣ ಎತ್ತಿಕೊಡುವ ಮದ್ದು ವೈಫೈ ರಿಪೀಟರ್. ಕೇಳಿದ್ದನ್ನು ಮತ್ತೆ ಕೂಗಿ ಹೇಳುವುದಷ್ಟೇ ಅದರ ಕೆಲಸ. ಅಗ್ಗದ ರಿಪೀಟರ್ ಒಂದೇ ರೇಡಿಯೊದಲ್ಲಿ ಕೇಳಿಸಿಕೊಳ್ಳಲೂ ಬೇಕು, ಹೇಳಲೂ ಬೇಕು; ಕೇಳುವಾಗ ಹೇಳಲಾಗದು, ಹೇಳುವಾಗ ಕೇಳಲಾಗದು, ಹಾಗಾಗಿ ವೇಗ ಅರ್ಧಕ್ಕೆ ಬೀಳುತ್ತದೆ. ಅದಕ್ಕಿಂತ ದೊಡ್ಡ ತೊಡಕೆಂದರೆ ಜನ ಅದನ್ನು ಇಡುವ ಜಾಗ. ಸಿಗ್ನಲ್ ಸಿಗದ ಕೋಣೆಯಲ್ಲೇ ರಿಪೀಟರ್ ಇಟ್ಟರೆ ಅದಕ್ಕೂ ಸಿಗುವುದು ಹರಕು ಸಿಗ್ನಲ್ಲೇ, ಮುಂದಕ್ಕೆ ದಾಟಿಸುವುದೂ ಅದನ್ನೇ. ಮೊಬೈಲಿನಲ್ಲಿ ಗೀಟುಗಳೆಲ್ಲ ತುಂಬಿ ಕಾಣುತ್ತವೆ, ಇಂಟರ್ನೆಟ್ ಮಾತ್ರ ಮೊದಲಿನಂತೆಯೇ ತೆವಳುತ್ತದೆ. ಹೀಗೆ ಒಂದಾದ ಮೇಲೊಂದು ರಿಪೀಟರ್ ಕೊಳ್ಳುವ ಮನೆಗಳು, ಆ ಕೋಣೆಗೆ ಆಗಲೇ ತಾಮ್ರದ ತಂತಿಯೊಂದು ಹೋಗಿದೆ ಎಂಬುದನ್ನು ಗಮನಿಸುವುದಿಲ್ಲ. ಅದು ಕರೆಂಟಿನ ತಂತಿ. ಹೊಸ ಕೇಬಲ್ ಎಳೆಯಲು ಸಾಧ್ಯವಿಲ್ಲದ ಮನೆಯಲ್ಲಿ, ರಿಪೀಟರಿಗೆ ದುಡ್ಡು ಹಾಕುವ ಮೊದಲು ಪರೀಕ್ಷಿಸಿ ನೋಡಬೇಕಾದ ದಾರಿ ಅದು ಎಂಬುದು ಈ ಬರಹದ ವಾದ. ಎಲ್ಲ ಮನೆಗೂ ಅದು ಒಗ್ಗುವುದಿಲ್ಲ. ಯಾವ ಮನೆಗೆ ಒಗ್ಗುತ್ತದೆ ಎಂಬುದು ಮಾತ್ರ ಅದೃಷ್ಟಕ್ಕೆ ಬಿಟ್ಟ ಸಂಗತಿಯಲ್ಲ, ವೈರಿಂಗ್ ನೋಡಿ ಬಹುಪಾಲು ಮೊದಲೇ ಹೇಳಬಹುದು.

ಪವರ್‌ಲೈನ್ ಅಡಾಪ್ಟರ್ ಎಂದು ಕರೆಯುವ ಈ ಸಾಧನ ಜೋಡಿಯಾಗಿ ಬರುತ್ತದೆ. ಒಂದನ್ನು ರೌಟರಿನ ಪಕ್ಕದ ಸಾಕೆಟ್ಟಿಗೆ ಚುಚ್ಚಿ, ಗೇಣುದ್ದದ ಲ್ಯಾನ್ ಕೇಬಲ್ಲಿನಿಂದ ರೌಟರಿಗೆ ಸೇರಿಸುತ್ತಾರೆ. ಇನ್ನೊಂದನ್ನು ದೂರದ ಕೋಣೆಯ ಸಾಕೆಟ್ಟಿಗೆ ಹಾಕಿದರೆ ಅಲ್ಲಿ ಲ್ಯಾನ್ ಕೇಬಲ್ಲಿಗೋ ಹೊಸ ವೈಫೈಗೋ ಬಾಗಿಲು ತೆರೆಯುತ್ತದೆ. ನಮ್ಮ ಮನೆಯ ತಂತಿಯಲ್ಲಿ ಹರಿಯುವುದು 230 ವೋಲ್ಟಿನ, ಸೆಕೆಂಡಿಗೆ 50 ಸುತ್ತು ಹಾಕುವ ವಿದ್ಯುತ್ತು. ಅಡಾಪ್ಟರ್ ಅದೇ ತಂತಿಯ ಮೇಲೆ ಅತಿ ಸಣ್ಣ ಶಕ್ತಿಯ ಇನ್ನೊಂದು ಸಂಕೇತವನ್ನು ಸೇರಿಸುತ್ತದೆ. ಅದರ ಕಂಪನ ಸೆಕೆಂಡಿಗೆ ಸುಮಾರು 20 ಲಕ್ಷದಿಂದ 3 ಕೋಟಿ, ಹೊಸ ಮಾದರಿಗಳಲ್ಲಿ ಎಂಟೂವರೆ ಕೋಟಿಯವರೆಗೆ. ಕಛೇರಿಯಲ್ಲಿ ತಂಬೂರಿಯ ಶ್ರುತಿ ಒಂದೇ ಸಮನೆ ಮಿಡಿಯುತ್ತಿದ್ದರೂ ಗಾಯಕಿಯ ಸಂಗತಿಗಳು ಕೇಳುಗನ ಕಿವಿಗೆ ಬೇರೆಯಾಗಿಯೇ ಬೀಳುವಂತೆ, ವಿದ್ಯುತ್ತಿನ ಮತ್ತು ಸಂಕೇತದ ಕಂಪನಗಳ ನಡುವಿನ ಅಂತರ ಅಷ್ಟು ದೊಡ್ಡದಾದ್ದರಿಂದ ಒಂದು ಸಣ್ಣ ಕೆಪಾಸಿಟರ್ ಅವನ್ನು ಬಿಡಿಸಿಕೊಡಬಲ್ಲದು. ಫ್ರಿಜ್ಜಿಗಾಗಲಿ ಬಲ್ಬಿಗಾಗಲಿ ಇದರ ಪರಿವೆಯೇ ಇರುವುದಿಲ್ಲ.

ಕಷ್ಟ ಇರುವುದು ಬೇರೆ ಕಡೆ. ಕರೆಂಟಿನ ತಂತಿಯನ್ನು ಯಾರೂ ಮಾಹಿತಿ ಸಾಗಿಸಲೆಂದು ಎಳೆದದ್ದಲ್ಲ. ಅದು ಪ್ರತಿ ಸ್ವಿಚ್‌ಬೋರ್ಡಿನಲ್ಲಿ ಕವಲೊಡೆಯುತ್ತದೆ. ಏನೂ ಚುಚ್ಚದ ಖಾಲಿ ಸಾಕೆಟ್ಟಿನ ತುದಿಗೆ ಬಡಿದ ಸಂಕೇತ ಹಿಂದಕ್ಕೆ ಮರಳಿ ಬಂದು ಮುಂದಿನದರ ಜೊತೆ ಕಲಸಿಕೊಳ್ಳುತ್ತದೆ. ಮಿಕ್ಸಿಯ ಮೋಟಾರು, ಅಗ್ಗದ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರು ಎಲ್ಲವೂ ತಂತಿಗೆ ತಮ್ಮ ಗದ್ದಲವನ್ನು ಸುರಿಯುತ್ತವೆ. ಎಂಜಿನಿಯರುಗಳು ಇದಕ್ಕೆ ಕಂಡುಕೊಂಡ ಉಪಾಯ ಜಾಣತನದ್ದು. ಮಾಹಿತಿಯನ್ನು ಒಂದೇ ದಾರಿಯಲ್ಲಿ ಕಳಿಸದೆ ಸಾವಿರದಷ್ಟು ಕಿರುದಾರಿಗಳಿಗೆ ಹಂಚುತ್ತಾರೆ. ಯಾವ ಕಂಪನದಲ್ಲಿ ಗದ್ದಲ ಹೆಚ್ಚೋ ಅಲ್ಲಿ ಕಡಿಮೆ ಹೊರೆ, ಎಲ್ಲಿ ನಿಶ್ಶಬ್ದವೋ ಅಲ್ಲಿ ಹೆಚ್ಚು ಹೊರೆ. ಇನ್ನೂ ಸೊಗಸಾದ ಸಂಗತಿಯೊಂದಿದೆ. ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರು ಮಾಡುವ ಗದ್ದಲ ಸತತವಾದುದಲ್ಲ. ವಿದ್ಯುತ್ತಿನ ಪ್ರತಿ ಅರ್ಧ ಸುತ್ತಿಗೊಮ್ಮೆ, ಅಂದರೆ ಸೆಕೆಂಡಿಗೆ 100 ಸಲ, ಅದೇ ಜಾಗದಲ್ಲಿ ಅದು ಮರುಕಳಿಸುತ್ತದೆ. ಅಡಾಪ್ಟರು ಈ ಲಯವನ್ನು ಕಲಿತು, ಗದ್ದಲದ ಕ್ಷಣಕ್ಕೆ ಒಂದು ಲೆಕ್ಕ, ಬಿಡುವಿನ ಕ್ಷಣಕ್ಕೆ ಇನ್ನೊಂದು ಲೆಕ್ಕ ಇಟ್ಟುಕೊಳ್ಳುತ್ತದೆ. ಇಷ್ಟೆಲ್ಲ ನಡೆಯುವುದು ಅಂಗೈಯಗಲದ ಒಂದು ಪ್ಲಾಸ್ಟಿಕ್ ಡಬ್ಬಿಯೊಳಗೆ.

ಕರೆಂಟಿನ ತಂತಿಯಲ್ಲಿ ಸಂದೇಶ ಕಳಿಸುವುದು ಹೊಸ ಹುಚ್ಚೇನೂ ಅಲ್ಲ. ದೊಡ್ಡ ವಿದ್ಯುತ್ ಉಪಕೇಂದ್ರಗಳ ಬೇಲಿಯಾಚೆ ನಿಂತು ನೋಡಿದರೆ, ಒಳಬರುವ ಹೈಟೆನ್ಷನ್ ತಂತಿಗೆ ಪೀಪಾಯಿಯಾಕಾರದ ಸುರುಳಿಯೊಂದನ್ನು ಜೋಡಿಸಿರುವುದು ಹಲವೆಡೆ ಕಾಣುತ್ತದೆ. ವೇವ್ ಟ್ರ್ಯಾಪ್ ಎಂದು ಅದರ ಹೆಸರು. ಒಂದು ಕೇಂದ್ರದಿಂದ ಇನ್ನೊಂದಕ್ಕೆ ಅದೇ ತಂತಿಯ ಮೇಲೆ ಹೋಗುವ ಮಾತು ಮತ್ತು ರಕ್ಷಣಾ ಸಂಕೇತಗಳು ಕೇಂದ್ರದ ಯಂತ್ರಗಳೊಳಕ್ಕೆ ಸೋರಿಹೋಗದಂತೆ ತಡೆಯುವುದು ಅದರ ಕೆಲಸ. ಇಟಲಿಯ ಎನೆಲ್ ಕಂಪನಿ 2001ರಿಂದ ಸುಮಾರು 3 ಕೋಟಿ ಮನೆಗಳಿಗೆ ಹಾಕಿದ ಮೀಟರುಗಳು ತಮ್ಮ ರೀಡಿಂಗನ್ನು ಕರೆಂಟಿನ ತಂತಿಯಲ್ಲೇ ಕಳಿಸಿದವು. ಫ್ರಾನ್ಸಿನ ಲಿಂಕಿ ಮೀಟರಿನದೂ ಅದೇ ದಾರಿ. ಆದರೆ ಇದೇ ತಂತಿಯಲ್ಲಿ ಊರಿಗೆಲ್ಲ ಬ್ರಾಡ್‌ಬ್ಯಾಂಡ್ ಹಂಚುತ್ತೇವೆಂದು ಹೊರಟವರು ಕೈಸುಟ್ಟುಕೊಂಡರು. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಕಡೆ 1990ರ ದಶಕದ ಕೊನೆಯಲ್ಲಿ ನಡೆದ ಪ್ರಯೋಗವನ್ನು ಕೈಬಿಟ್ಟರು. ಅಮೆರಿಕದ ವರ್ಜೀನಿಯಾದ ಮನಾಸಸ್ ಎಂಬ ಪಟ್ಟಣ ಸ್ವತಃ ನಡೆಸುತ್ತಿದ್ದ ಇಂಥ ಸೇವೆಯನ್ನು 2010ರಲ್ಲಿ ನಿಲ್ಲಿಸಿತು. ಇವೆಲ್ಲವನ್ನೂ ಒಟ್ಟಿಗಿಟ್ಟು ನೋಡಿದರೆ ಒಂದು ನಿಯಮ ತಾನಾಗಿ ಎದ್ದುಬರುತ್ತದೆ. ವೇಗ ಬೇಡವೆಂದರೆ ಈ ತಂತಿ ದೂರ ಕರೆದೊಯ್ಯುತ್ತದೆ, ವೇಗ ಬೇಕೆಂದರೆ ಹತ್ತಿರದಲ್ಲೇ ಇರಬೇಕು. ಬೀದಿಯಲ್ಲಿ ಸೋತದ್ದು ಮನೆಯೊಳಗೆ ಗೆಲ್ಲುವುದು ಈ ಕಾರಣಕ್ಕೇ, ಅದೂ ಎಲ್ಲ ಮನೆಯಲ್ಲಲ್ಲ.

ಡಬ್ಬಿಯ ಮೇಲಿನ ಅಂಕಿಯ ವಿಷಯಕ್ಕೆ ಬರೋಣ. ಹೋಮ್‌ಪ್ಲಗ್ ಎಂಬ ಮಾನದಂಡ 2001ರಲ್ಲಿ ಬಂದಾಗ ಸೆಕೆಂಡಿಗೆ 14 ಮೆಗಾಬಿಟ್ ಎಂದಿತ್ತು, 2005ರ ಮುಂದಿನ ಆವೃತ್ತಿ ಹೋಮ್‌ಪ್ಲಗ್ ಎವಿ 200 ಎಂದಿತು, ಈಗಿನ ಡಬ್ಬಿಗಳ ಮೇಲೆ 1,000, 1,200, 2,000 ಎಂದೆಲ್ಲ ದಪ್ಪಕ್ಷರದಲ್ಲಿ ಇರುತ್ತದೆ. ಅದು ತಂತಿಯ ಮೇಲಿನ ಆದರ್ಶ ಲೆಕ್ಕ. ಹೋಗುವ ಬರುವ ಎರಡೂ ದಾರಿಯನ್ನು, ತಪ್ಪು ತಿದ್ದಲು ಖರ್ಚಾಗುವ ಭಾಗವನ್ನು, ಅಡಾಪ್ಟರುಗಳ ತಮ್ಮತಮ್ಮೊಳಗಿನ ಮಾತುಕತೆಯನ್ನು ಎಲ್ಲ ಸೇರಿಸಿಕೊಂಡು ಹೇಳಿದ್ದು. ನಿಜವಾಗಿ ಕೈಗೆ ಸಿಗುವುದು ಅದರ ಕಾಲುಭಾಗಕ್ಕೂ ಕಡಿಮೆ ಇರುವುದು ಮಾಮೂಲು. ಹಳೆಯ ಕೆಲವು ಮಾದರಿಗಳಲ್ಲಿ ಡಬ್ಬಿಯ ಮೇಲೆ 500 ಎಂದು ಬರೆದು, ಲ್ಯಾನ್ ಕೇಬಲ್ ಸಿಕ್ಕಿಸುವ ಪೋರ್ಟನ್ನು ಮಾತ್ರ 100ರದ್ದೇ ಕೊಟ್ಟಿದ್ದರು; ಇದನ್ನು ವ್ಯಾಪಾರದ ಜಾಣ್ಮೆ ಎನ್ನಬೇಕೋ ಮೋಸ ಎನ್ನಬೇಕೋ ಓದುಗರೇ ತೀರ್ಮಾನಿಸಲಿ. ಇಷ್ಟೇ ಸಾಕಲ್ಲ, ಈ ಸಾಧನವನ್ನು ತಿರಸ್ಕರಿಸಲು ಎಂದು ಕೆಲವರು ಹೇಳುತ್ತಾರೆ. ಆ ಮಾತನ್ನು ಒಪ್ಪುವ ಮೊದಲು ನಮ್ಮ ಮನೆಯ ಬಿಲ್ಲನ್ನು ತೆಗೆದು ನೋಡಬೇಕು. ನಮ್ಮಲ್ಲಿ ಹೆಚ್ಚಿನ ಮನೆಗಳು ಹಾಕಿಸಿಕೊಳ್ಳುವ ಪ್ಲಾನು 30, 40, ಹೆಚ್ಚೆಂದರೆ 100 ಮೆಗಾಬಿಟ್ಟಿನದು. ಫೋರ್‌ಕೆ ಗುಣಮಟ್ಟದ ಸಿನಿಮಾಕ್ಕೇ 15ರಿಂದ 25 ಮೆಗಾಬಿಟ್ ಸಾಕು, ವಿಡಿಯೊ ಮೀಟಿಂಗಿಗೆ ಅದರಲ್ಲಿ ಕಾಲುಪಾಲು. 1,200 ಎಂದು ಬರೆದ ಜೋಡಿ ಹಿಂದಿನ ಕೋಣೆಗೆ 80 ತಲುಪಿಸಿದರೂ ಬರೆದದ್ದಕ್ಕೆ ಹೋಲಿಸಿದರೆ ನಾಚಿಕೆಗೇಡು, ಬೇಕಾದದ್ದಕ್ಕೆ ಹೋಲಿಸಿದರೆ ಧಾರಾಳ. ಗಿಗಾಬಿಟ್ ಸಂಪರ್ಕಕ್ಕೆ ಹಣ ಕಟ್ಟುವವರಿಗೆ ಮಾತ್ರ ಇದು ನಿಜವಾಗಿಯೂ ಸಾಲದು.

ಇನ್ನು ನಮ್ಮ ಮನೆಗಳ ವೈರಿಂಗು. ವಿದೇಶಿ ಕಂಪನಿಗಳ ಕೈಪಿಡಿಗಳು ನಮಗೆ ಪೂರ್ತಿ ಉಪಯೋಗಕ್ಕೆ ಬಾರದಿರುವುದು ಇಲ್ಲಿಯೇ. ಮೊದಲನೆಯದು ಫೇಸ್. ಚಿಕ್ಕ ಮನೆಗೆ ಸಿಂಗಲ್ ಫೇಸ್ ಸಂಪರ್ಕ, ಅಲ್ಲಿ ಈ ತಲೆನೋವಿಲ್ಲ. ತ್ರೀ ಫೇಸ್ ಇರುವ ಮನೆಯಲ್ಲಿ ಎಲೆಕ್ಟ್ರಿಷಿಯನ್ ಹೊರೆ ಸಮನಾಗಲೆಂದು ಹಾಲನ್ನು ಒಂದು ಫೇಸಿಗೆ, ಮಹಡಿಯನ್ನು ಇನ್ನೊಂದಕ್ಕೆ, ಗೀಸರ್ ಮೋಟಾರುಗಳನ್ನು ಮೂರನೆಯದಕ್ಕೆ ಹಾಕಿರುತ್ತಾರೆ. ಎರಡು ಅಡಾಪ್ಟರು ಎರಡು ಫೇಸಿನಲ್ಲಿ ಕೂತರೆ ಅವುಗಳ ನಡುವೆ ನೇರ ದಾರಿಯಿಲ್ಲ. ಕರೆಂಟನ್ನು ಕೋಣೆಗಳಿಗೆ ಹಂಚುವ ಡಿಬಿ ಬಾಕ್ಸಿನಲ್ಲಿ ತಂತಿಗಳು ಅಕ್ಕಪಕ್ಕ ಹಾಯುವಾಗ ಸ್ವಲ್ಪ ಸಂಕೇತ ಒಂದರಿಂದ ಇನ್ನೊಂದಕ್ಕೆ ಹಾರುತ್ತದೆ, ಹಾಗಾಗಿ ಪೂರ್ತಿ ಸಾಯುವುದಿಲ್ಲ, ಆದರೆ ವೇಗ ಕುಸಿಯುತ್ತದೆ. ಯಾವ ಕೋಣೆ ಯಾವ ಫೇಸಿನಲ್ಲಿದೆ ಎಂದು ತಿಳಿಯಲು ಎಂಜಿನಿಯರ್ ಬೇಕಿಲ್ಲ. ಒಂದೇ ಫೇಸ್ ಹೋಗಿ ಅರ್ಧ ಮನೆ ಕತ್ತಲಾಗುವುದು ನಮ್ಮಲ್ಲಿ ಅಪರೂಪವಲ್ಲವಲ್ಲ, ಆಗ ಯಾವ ಕೋಣೆಗಳು ಒಟ್ಟಿಗೆ ಆರುತ್ತವೆ ಎಂದು ನೋಡಿಟ್ಟುಕೊಂಡರೆ ಸಾಕು. ಎರಡನೆಯದು ದೂರ. ಡಬ್ಬಿಯ ಮೇಲೆ 300 ಮೀಟರ್ ಎಂದಿರುವುದು ತಂತಿಯ ಉದ್ದ, ಮನೆಯ ಅಳತೆಯಲ್ಲ. ಒಂದೇ ಗೋಡೆಯ ಆಚೆ ಈಚೆ ಇರುವ ಎರಡು ಸಾಕೆಟ್ಟುಗಳು ಬೇರೆ ಬೇರೆ ಎಂಸಿಬಿಯಿಂದ ಬಂದಿದ್ದರೆ, ಸಂಕೇತ ತಾರಸಿಯ ಪೈಪಿನಲ್ಲಿ ಡಿಬಿ ಬಾಕ್ಸಿನವರೆಗೆ ಹೋಗಿ, ಅಲ್ಲಿಂದ ಇನ್ನೊಂದು ಪೈಪಿನಲ್ಲಿ ಮರಳಬೇಕು. ನಕ್ಷೆಯಲ್ಲಿ ಅರ್ಧ ಅಡಿ, ತಂತಿಯಲ್ಲಿ ಮೂವತ್ತು ಮೀಟರ್. ಬ್ರಿಟನ್ನಿನ ಮನೆಗಳಲ್ಲಿ ಸಾಕೆಟ್ಟುಗಳನ್ನು ಉಂಗುರದಂತೆ ಒಂದೇ ಸುತ್ತಿನಲ್ಲಿ ಜೋಡಿಸುವ ರೂಢಿಯಿದೆ. ಅಲ್ಲಿಯ ಅನುಭವವನ್ನು ಹಾಗೆಯೇ ಇಲ್ಲಿಗೆ ಅನ್ವಯಿಸಲಾಗದು.

ಮೂರನೆಯದು, ನಮ್ಮ ಮನೆಗಳ ಯುಪಿಎಸ್, ಅಂದರೆ ಇನ್ವರ್ಟರ್. ಕರೆಂಟು ಹೋದಾಗ ಇಂಟರ್ನೆಟ್ ಹೋಗಬಾರದೆಂದು ರೌಟರನ್ನು ಎಲ್ಲರೂ ಇನ್ವರ್ಟರ್ ಸಾಲಿಗೆ ಹಾಕಿರುತ್ತಾರೆ. ಲೈಟು, ಫ್ಯಾನು, ಕೆಲವು 5 ಆಂಪ್ ಪಾಯಿಂಟುಗಳು ಆ ಸಾಲಿನಲ್ಲಿ. ಗೀಸರ್, ಎಸಿ, ಫ್ರಿಜ್ಜುಗಳ 15 ಆಂಪ್ ಪಾಯಿಂಟುಗಳು ನೇರ ಮೇನ್ಸಿನಲ್ಲಿ. ಎರಡು ಸಾಲಿನ ಫೇಸ್ ತಂತಿಗಳು ಕೂಡುವುದು ಇನ್ವರ್ಟರಿನ ಹೊಟ್ಟೆಯೊಳಗಿನ ರಿಲೇಯಲ್ಲಿ ಮಾತ್ರ. ಒಂದು ಅಡಾಪ್ಟರು ಇನ್ವರ್ಟರ್ ಸಾಲಿನಲ್ಲೂ ಇನ್ನೊಂದು ಮೇನ್ಸಿನಲ್ಲೂ ಇದ್ದರೆ ಸಂಕೇತ ಆ ಡಬ್ಬಿಯನ್ನೂ ಅದರೊಳಗಿನ ಫಿಲ್ಟರುಗಳನ್ನೂ ಹಾದು ಹೋಗಬೇಕು. ಕರೆಂಟು ಹೋದ ಕ್ಷಣ ರಿಲೇ ಬಿಟ್ಟುಕೊಂಡು ದಾರಿಯೇ ಕಡಿಯುತ್ತದೆ, ಮೇನ್ಸಿನ ಕಡೆಯ ಅಡಾಪ್ಟರಿಗೆ ಹೇಗಿದ್ದರೂ ಉಸಿರಿರುವುದಿಲ್ಲ. ಆದ್ದರಿಂದ ಎರಡೂ ಇನ್ವರ್ಟರ್ ಸಾಲಿನಲ್ಲೇ ಇರಬೇಕು. ಸೈನ್ ವೇವ್ ಇನ್ವರ್ಟರ್ ಆದರೆ ಕರೆಂಟಿಲ್ಲದಾಗಲೂ ಕೆಲಸ ನಡೆಯುತ್ತದೆ, ಹಳೆಯ ಸ್ಕ್ವೇರ್ ವೇವ್ ಆದರೆ ಗದ್ದಲಕ್ಕೆ ವೇಗ ಇಳಿಯಬಹುದು. ನಾಲ್ಕನೆಯದು ಸ್ಪೈಕ್ ಬಸ್ಟರ್. ಮಿಂಚು ಗುಡುಗಿನ ಹೊಡೆತ ತಪ್ಪಿಸಲು ಇರುವ ಅದರೊಳಗಿನ ಬಿಡಿಭಾಗಗಳು ಈ ಸಂಕೇತವನ್ನೂ ಕಸವೆಂದೇ ಭಾವಿಸಿ ನುಂಗಿಬಿಡುತ್ತವೆ. ಅಡಾಪ್ಟರನ್ನು ಗೋಡೆಯ ಸಾಕೆಟ್ಟಿಗೇ ಚುಚ್ಚಬೇಕು, ಸ್ಪೈಕ್ ಬಸ್ಟರನ್ನು ಪಕ್ಕದ ಸಾಕೆಟ್ಟಿಗೆ ಹಾಕಬೇಕು. ಇನ್ನು ಅರ್ಥಿಂಗ್. ಹೊಸ ಮಾದರಿಗಳು ಫೇಸ್, ನ್ಯೂಟ್ರಲ್ ಜೊತೆಗೆ ಅರ್ಥ್ ತಂತಿಯನ್ನೂ ಎರಡನೆಯ ದಾರಿಯಾಗಿ ಬಳಸಿಯೇ ಅಷ್ಟು ದೊಡ್ಡ ಅಂಕಿ ಹೇಳುವುದು. ಹಳೆಯ ಮನೆಗಳಲ್ಲಿ ಮೂರನೆಯ ತೂತು ಇರುತ್ತದೆ, ಅದರ ಹಿಂದೆ ತಂತಿ ಇರುವುದಿಲ್ಲ. ಅಂಥಲ್ಲಿ ಇಂಟರ್ನೆಟ್ಟಿನ ವೇಗಕ್ಕಿಂತ ಮೊದಲು ಯೋಚಿಸಬೇಕಾದ್ದು ಮನೆಮಂದಿಯ ಜೀವದ ಬಗ್ಗೆ.

ಮೀಟರಿನದು ಬೇರೆಯೇ ಕಥೆ. ಕೆಳಗೆ ಮಾಲೀಕರು, ಮೇಲೆ ಎರಡು ಬಾಡಿಗೆ ಮನೆ, ಮೂರಕ್ಕೂ ಬೇರೆ ಬೇರೆ ಆರ್.ಆರ್. ನಂಬರು ಇರುವ ಕಟ್ಟಡದಲ್ಲಿ ಕೆಳಗಿನ ಇಂಟರ್ನೆಟ್ಟನ್ನು ಮೇಲಿನ ಮನೆಗೆ ಈ ದಾರಿಯಲ್ಲಿ ಕಳಿಸುವ ಆಸೆ ಬಿಡುವುದು ಒಳ್ಳೆಯದು, ಎರಡು ಮೀಟರು ದಾಟುವಷ್ಟರಲ್ಲಿ ಸಂಕೇತ ಸೊರಗಿರುತ್ತದೆ. ತೋಟದ ಪಂಪ್‌ಸೆಟ್ಟಿಗೂ ಸಂಪರ್ಕ ಬೇರೆಯೇ ಆದ್ದರಿಂದ ಪಂಪ್‌ಹೌಸಿಗೆ ಕ್ಯಾಮೆರಾ ಹಾಕಲು ಇದು ದಾರಿಯಲ್ಲ. ಆದರೆ ಮನೆಯ ಮೀಟರಿನಿಂದಲೇ ಕರೆಂಟು ಹೋಗಿರುವ ಕೊಟ್ಟಿಗೆ, ಅಡಿಕೆ ಸುಲಿಯುವ ಶೆಡ್ಡು, ಔಟ್‌ಹೌಸುಗಳಿಗೆ ಇದಕ್ಕಿಂತ ಸುಲಭದ ಉಪಾಯ ಕಡಿಮೆ. ಅಂಗಳ ದಾಟಿ ಹೋಗುವ ತಂತಿಗೆ ಕವಲೂ ಇಲ್ಲ, ಗದ್ದಲ ಮಾಡುವ ಉಪಕರಣಗಳೂ ಕಡಿಮೆ. ಕ್ಯಾಮೆರಾವೊಂದಕ್ಕೆ ಬೇಕಾದದ್ದು ನಾಲ್ಕೈದು ಮೆಗಾಬಿಟ್, ಅಷ್ಟನ್ನು ಅದು ನಿರಾಯಾಸವಾಗಿ ಒಯ್ಯುತ್ತದೆ.

ಆಕ್ಷೇಪಗಳಲ್ಲಿ ಗಟ್ಟಿಯಾದದ್ದು ಗೋಪ್ಯತೆಯದು. ಮೀಟರು ಸಂಕೇತವನ್ನು ಸೊರಗಿಸುತ್ತದೆಯೇ ಹೊರತು ಪೂರ್ತಿ ತಡೆಯುವುದಿಲ್ಲ. ಮೀಟರುಗಳೆಲ್ಲ ಒಂದೇ ಬೋರ್ಡಿನಲ್ಲಿ ಸಾಲಾಗಿ ಕೂತಿರುವ ಅಪಾರ್ಟ್‌ಮೆಂಟಿನಲ್ಲಿ ಒಂದಿಷ್ಟು ಪಕ್ಕದ ಮನೆಗೂ ಸೋರಬಹುದು. ಅಡಾಪ್ಟರುಗಳ ನಡುವಿನ ಮಾತನ್ನು 128 ಬಿಟ್ಟಿನ ಗೂಢಲಿಪಿಯಲ್ಲಿ ಮುಚ್ಚಿರುತ್ತಾರೆ ಎಂಬುದು ನಿಜ. ಆದರೆ ಕಾರ್ಖಾನೆಯಿಂದ ಹೊರಬರುವಾಗ ಹೋಮ್‌ಪ್ಲಗ್ ಎವಿ ಸಾಧನಗಳಿಗೆಲ್ಲ ಒಂದೇ ಕೀಲಿ ಕೊಡುವ ರೂಢಿ ಇತ್ತು. ಡಬ್ಬಿ ಒಡೆದು ಹಾಗೆಯೇ ಚುಚ್ಚಿದ ಎರಡು ಮನೆಯವರು ತಮಗೇ ಗೊತ್ತಿಲ್ಲದೆ ಒಂದೇ ಜಾಲದಲ್ಲಿ ಸೇರಿಬಿಡಬಹುದು. ಎರಡೂ ಅಡಾಪ್ಟರಿನ ಪಕ್ಕದಲ್ಲಿರುವ ಪೇರ್ ಗುಂಡಿಯನ್ನು ಎರಡು ನಿಮಿಷದೊಳಗೆ ಒಂದಾದ ಮೇಲೊಂದು ಒತ್ತಿದರೆ ಹೊಸ ಕೀಲಿ ಹುಟ್ಟುತ್ತದೆ. ಅಷ್ಟು ಮಾಡದವರು ವೈಫೈಗೆ ಪಾಸ್‌ವರ್ಡ್ ಇಡದವರಿಗಿಂತ ಬೇರೆಯಲ್ಲ.

ಹವ್ಯಾಸಕ್ಕೆ ರೇಡಿಯೊ ಸಂಪರ್ಕ ನಡೆಸುವ ಹ್ಯಾಮ್‌ಗಳ ದೂರಿಗೂ ಆಧಾರವಿದೆ. ಅಡಾಪ್ಟರುಗಳು ಬಳಸುವ ಕಂಪನಗಳು ಕಿರುತರಂಗದ ಸೀಮೆಯಲ್ಲೇ ಬೀಳುತ್ತವೆ. ಲೋಹದ ಹೊದಿಕೆಯಿಲ್ಲದ ಕರೆಂಟಿನ ತಂತಿ ಒಂದು ಉದ್ದನೆಯ ಏರಿಯಲ್ಲಿನಂತೆ ಅದನ್ನು ಗಾಳಿಗೆ ಬಿಡುತ್ತದೆ. ಬೀದಿಯ ಬ್ರಾಡ್‌ಬ್ಯಾಂಡಿನ ವಿರುದ್ಧ ಅಮೆರಿಕದ ಹ್ಯಾಮ್‌ಗಳು ವರ್ಷಗಟ್ಟಲೆ ಹೋರಾಡಿದ್ದು ಇದೇ ಕಾರಣಕ್ಕೆ. ಮನೆಯೊಳಗಿನ ಸಾಧನಗಳು 7, 14 ಮೆಗಾಹರ್ಟ್ಸ್ ಮೊದಲಾದ ಹ್ಯಾಮ್ ಪಟ್ಟಿಗಳನ್ನು ಬಿಟ್ಟು ಕೆಲಸ ಮಾಡುವಂತೆ ರೂಪಿಸಿದರು, ಯೂರೋಪು 2013ರಲ್ಲಿ ಇದಕ್ಕೆಂದೇ ಮಾನದಂಡ ತಂದಿತು. ಹಾಗಿದ್ದೂ ಪಕ್ಕದ ಮನೆಯ ತಾರಸಿಯ ಮೇಲೆ ಹ್ಯಾಮ್ ಆಂಟೆನಾ ಕಂಡರೆ ಒಂದು ಮಾತು ಕೇಳಿ ನೋಡುವುದು ನೆರೆಹೊರೆಯ ಸೌಜನ್ಯ. ಶಾಕ್ ಹೊಡೆಯುತ್ತದೆಂಬ ಭಯಕ್ಕೆ ಮಾತ್ರ ಹೆಚ್ಚು ಆಧಾರವಿಲ್ಲ. ಒಳಗಿನ ಟ್ರಾನ್ಸ್‌ಫಾರ್ಮರು ಲ್ಯಾನ್ ಪೋರ್ಟನ್ನು ಮೇನ್ಸಿನಿಂದ ಬೇರ್ಪಡಿಸಿರುತ್ತದೆ. ಭಯ ಪಡಬೇಕಾದ್ದು ಹೊರದೇಶದ ಪಿನ್ನಿಗೆ ಸಡಿಲವಾದ ಟ್ರಾವೆಲ್ ಅಡಾಪ್ಟರ್ ಸಿಕ್ಕಿಸಿ ಇಪ್ಪತ್ನಾಲ್ಕು ಗಂಟೆ ಬಿಟ್ಟಿರುವುದಕ್ಕೆ. ಕರೆಂಟಿನ ಖರ್ಚು ಎರಡೂ ಸೇರಿ ಹೆಚ್ಚೆಂದರೆ 10 ವ್ಯಾಟ್ ಎಂದಿಟ್ಟುಕೊಳ್ಳಿ, ತಿಂಗಳಿಗೆ ಏಳು ಯೂನಿಟ್. ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆಯ ಮಿತಿಯ ಅಂಚಿನಲ್ಲಿರುವ ಮನೆಗೆ ಅದೂ ಲೆಕ್ಕವೇ.

ಹಲವು ಗೂಡುಗಳನ್ನಿಟ್ಟು ಮನೆಯೆಲ್ಲ ಒಂದೇ ಜಾಲ ಹರಡುವ ಮೆಶ್ ವೈಫೈ ಬಂದ ಮೇಲೆ ಇದೆಲ್ಲ ಹಳೆಯದಾಯಿತು ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಹೋಮ್‌ಪ್ಲಗ್ ಕಂಪನಿಗಳ ಒಕ್ಕೂಟ 2016ರಲ್ಲಿ ಕೆಲಸ ನಿಲ್ಲಿಸಿತು, ಮಾರುಕಟ್ಟೆಯೂ ಕುಗ್ಗಿದೆ. ಇಟ್ಟಿಗೆ ಗೋಡೆಯ, ಒಂದೇ ಮಹಡಿಯ ಫ್ಲ್ಯಾಟಿಗೆ ಒಳ್ಳೆಯ ಮೆಶ್ ಜೋಡಿಯೇ ಸರಿ, ಅಲ್ಲಿ ಕರೆಂಟಿನ ತಂತಿಯ ಗೊಡವೆ ಬೇಡ. ಆದರೆ ಮೆಶ್ಶಿನ ಗೂಡುಗಳೂ ಒಂದಕ್ಕೊಂದು ಮಾತಾಡುವುದು ಗಾಳಿಯಲ್ಲೇ, ಅದೇ ತಾರಸಿ, ಅದೇ ಮುರಕಲ್ಲು ಅವಕ್ಕೂ ಅಡ್ಡ. ಇಂಥ ಮನೆಯಲ್ಲಿ ಎರಡನ್ನೂ ಕೂಡಿಸಬಹುದು: ಮಹಡಿಯ ಮೆಶ್ ಗೂಡಿಗೆ ಕೆಳಗಿನಿಂದ ಸಂಪರ್ಕ ಕರೆಂಟಿನ ತಂತಿಯಲ್ಲಿ ಬರಲಿ, ಅಲ್ಲಿಂದಾಚೆ ವೈಫೈ ಹರಡಲಿ. ತಂತ್ರವಿದ್ಯೆ ಸತ್ತಿದೆ ಎಂಬುದೂ ಪೂರ್ತಿ ನಿಜವಲ್ಲ. ಹೆದ್ದಾರಿಯ ಬದಿಯಲ್ಲಿ ಎಲೆಕ್ಟ್ರಿಕ್ ಕಾರಿಗೆ ಸಿಸಿಎಸ್ ಮಾದರಿಯ ಫಾಸ್ಟ್ ಚಾರ್ಜರ್ ಹಚ್ಚಿದಾಗ ಕಾರೂ ಚಾರ್ಜರೂ ಎಷ್ಟು ವೋಲ್ಟ್, ಎಷ್ಟು ಆಂಪ್ ಎಂದು ಮಾತಾಡಿಕೊಳ್ಳುವುದು ಹೋಮ್‌ಪ್ಲಗ್ಗಿನದೇ ಒಂದು ಕವಲಿನ ಭಾಷೆಯಲ್ಲಿ.

ಇಷ್ಟೆಲ್ಲ ಸಮರ್ಥಿಸಿದ ಮೇಲೂ ಇದು ಎರಡನೆಯ ಆಯ್ಕೆಯೇ. ಮೊದಲನೆಯದು ಯಾವತ್ತಿಗೂ ಬೇರೆಯದೇ ಲ್ಯಾನ್ ಕೇಬಲ್: ಕ್ಯಾಟ್ ಸಿಕ್ಸ್ ಕೇಬಲ್ 100 ಮೀಟರಿನವರೆಗೆ ಸೆಕೆಂಡಿಗೆ 1,000 ಮೆಗಾಬಿಟ್ಟನ್ನು ಮಿಕ್ಸಿ ತಿರುಗಿದರೂ ಮೋಟಾರು ಓಡಿದರೂ ಜಗ್ಗದೆ ಒಯ್ಯುತ್ತದೆ. ಈಗ ಮನೆ ಕಟ್ಟಿಸುತ್ತಿರುವವರು ತಾರಸಿ ಹಾಕುವ ಮುನ್ನ ಎಲೆಕ್ಟ್ರಿಷಿಯನ್ನಿಗೆ ಒಂದು ಮಾತು ಹೇಳಲಿ: ಪ್ರತಿ ಮಹಡಿಗೆ ಒಂದು, ಓದುವ ಕೋಣೆಗೆ ಒಂದು ಪ್ರತ್ಯೇಕ ಪಿವಿಸಿ ಪೈಪು, ಕರೆಂಟಿನ ಪೈಪಿನಲ್ಲಿ ಲ್ಯಾನ್ ಕೇಬಲ್ ತುರುಕುವುದು ಬೇಡ. ಆಗಲೇ ಕಟ್ಟಿದ ಮನೆಯವರು, ಬಾಡಿಗೆ ಮನೆಯಲ್ಲಿ ಗೋಡೆ ಕೊರೆಯುವಂತಿಲ್ಲದವರು ಅಡಾಪ್ಟರ್ ಜೋಡಿಯೊಂದನ್ನು ತಂದು, ಎರಡನ್ನೂ ಒಂದೇ ಫೇಸಿನ ಗೋಡೆಯ ಸಾಕೆಟ್ಟಿಗೆ ಹಾಕಿ, ಸಂಜೆ ಏಳರ ನಂತರ ಮನೆಯ ದೀಪ ಫ್ಯಾನುಗಳೆಲ್ಲ ಓಡುತ್ತಿರುವಾಗ ಲ್ಯಾಪ್‌ಟಾಪಿಗೆ ಲ್ಯಾನ್ ಕೇಬಲ್ ಸಿಕ್ಕಿಸಿ ವೇಗ ಅಳೆಯಲಿ. ನಿಮ್ಮ ಪ್ಲಾನಿನ ಮುಕ್ಕಾಲು ಪಾಲು ಬಂದರೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಮರಳಿಸಿ. ವಾಪಸು ತೆಗೆದುಕೊಳ್ಳಲು ಒಪ್ಪದ ಅಂಗಡಿಯಲ್ಲಿ ಮಾತ್ರ ಇದನ್ನು ಕೊಳ್ಳಬೇಡಿ.